ಅಮಾವಾಸ್ಯೆ ಕಳೆದ ವಾರದ ಡಬ್ಬಿಗಳು

ಡಬ್ಬಿಯ ಮುಚ್ಚಳ ಬಿಗಿದ ಹೊತ್ತಿನಿಂದ ಅದು ಮಣಿಪಾಲದ ಪ್ರಯೋಗಾಲಯದ ಫ್ರೀಜರ್ ಸೇರುವವರೆಗೆ ನನಗೆ ಇರುತ್ತಿದ್ದದ್ದು ಮೂರು ಗಂಟೆ. ಕಾಪು, ಉಚ್ಚಿಲದ ಮನೆಗಳಾದರೆ ಚಿಂತೆಯಿಲ್ಲ. ಕಾರ್ಕಳದ ಆಚೆಯ ಮನೆಯಾದರೆ, ಅದೂ ಮಳೆಗಾಲದಲ್ಲಿ, ಮನೆಯವರು ತಂದಿಟ್ಟ ಚಹಾ ಕುಡಿಯಲೂ ನಾನು ಕೂರುತ್ತಿರಲಿಲ್ಲ. ಡಬ್ಬಿಯೊಳಗೆ ಇರುತ್ತಿದ್ದದ್ದು ಆ ಮನೆಯ ಒಬ್ಬರ ಮಲ. ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದ ಮೇಲೆ, ಅರವತ್ತಾರನೆಯ ವಯಸ್ಸಿನಲ್ಲಿ, ಹೋದ ವರ್ಷದ ಮಳೆಗಾಲದಲ್ಲಿ ನಾನು ಹಿಡಿದ ಕೆಲಸ ಇದು.

ಅಧ್ಯಯನ ನಡೆಸುತ್ತಿದ್ದವರು ತುಮಕೂರು ಕಡೆಯ ಒಬ್ಬ ಯುವ ವೈದ್ಯೆ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಮೆದುಳು ಬರೆದು, ಅದರ ಕೆಳಗೆ ಉದ್ದಕ್ಕೆ ಕರುಳು ಬರೆದು ವಿವರಿಸಿದರು. ಮೆದುಳಿನ ಸುತ್ತ ಪೊರೆಗಳಿರುವುದು ನನಗೆ ಗೊತ್ತಿದ್ದದ್ದೇ. ಹೊರಗಿನ ದಪ್ಪ ಪೊರೆಯಲ್ಲಿ, ದೊಡ್ಡ ರಕ್ತನಾಳಗಳ ಪಕ್ಕದಲ್ಲಿ, ಪ್ರತಿಕಾಯ ತಯಾರಿಸುವ ಜೀವಕೋಶಗಳು ಕಾವಲು ಕೂತಿರುತ್ತವೆ ಎಂಬುದು ಗೊತ್ತಿರಲಿಲ್ಲ. ಆ ಕಾವಲಿನವರು ತರಬೇತಿ ಪಡೆದು ಬರುವುದು ಕರುಳಿನಲ್ಲಿ, ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ನಡುವೆ ಎಂಬುದಂತೂ ಕೇಳಿಯೇ ಇರಲಿಲ್ಲ. ಸೂಕ್ಷ್ಮಜೀವಿಗಳೇ ಸೋಕದಂತೆ ಬೆಳೆಸಿದ ಇಲಿಗಳ ಪೊರೆಯಲ್ಲಿ ಈ ಕಾವಲು ತೀರಾ ತೆಳ್ಳಗೆ ಇರುತ್ತದಂತೆ. ಕರುಳಿಗೆ ಸೂಕ್ಷ್ಮಜೀವಿಗಳನ್ನು ಸೇರಿಸಿದರೆ ಮತ್ತೆ ತುಂಬಿಕೊಳ್ಳುತ್ತದಂತೆ.

"ಇಲಿಯಲ್ಲಿ ಗೊತ್ತು. ಮನುಷ್ಯರಲ್ಲಿ ಹೇಗೆ ಅಂತ ನೋಡಬೇಕು ಸಿಸ್ಟರ್," ಎಂದರು.

ನಾನು ಕೆಲಸ ಕಲಿತ ಕಾಲದಲ್ಲಿ ಮೆದುಳಿನ ಪೊರೆಗೆ ಸೋಂಕು ತಗುಲಿದವರ ಹಾಸಿಗೆಯನ್ನು ಕಿಟಕಿಯಿಂದ ದೂರ ಹಾಕುತ್ತಿದ್ದೆವು. ಬೆಳಕು ಅವರ ಕಣ್ಣಿಗೆ ಆಗುತ್ತಿರಲಿಲ್ಲ. ಒಮ್ಮೆ ಒಂದೇ ಮನೆಯ ಅಕ್ಕತಂಗಿಯರು ಒಂದೇ ವಾರ ಬಂದು ಅಕ್ಕಪಕ್ಕ ಮಲಗಿದ್ದರು. ಅಕ್ಕ ಎದ್ದು ನಡೆದು ಹೋದಳು. ತಂಗಿಯ ಮುಖಕ್ಕೆ ನಾನೇ ಬಟ್ಟೆ ಎಳೆದೆ. ಇಬ್ಬರಿಗೂ ಒಂದೇ ಮದ್ದು, ಒಂದೇ ಹೊತ್ತಿಗೆ ಕೊಟ್ಟವಳು ನಾನು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ನಮ್ಮ ಮೇಲಿನ ಸಿಸ್ಟರ್, "ಪ್ರಶ್ನೆ ಆಮೇಲೆ. ಮೊದಲು ಚಾರ್ಟ್ ಬರಿ," ಎಂದಿದ್ದರು. ಆ ಪ್ರಶ್ನೆಯನ್ನು ನಲವತ್ತು ವರ್ಷದ ಮೇಲೆ ಯಾರೋ ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದಾರೆ ಅನ್ನಿಸಿತು. ಕೆಲಸಕ್ಕೆ ಒಪ್ಪಿದೆ.

ಕ್ರಮ ಹೀಗಿತ್ತು. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸಿ ಮಾಡುವ ಶಸ್ತ್ರಚಿಕಿತ್ಸೆಗೆ ಹೆಸರು ಬರೆಸಿದವರಲ್ಲಿ ಒಪ್ಪಿದವರನ್ನು ಆರಿಸುವುದು. ಹರ್ನಿಯಾ, ಕಾಲಿನ ಗಂಟುನರ, ಇಂಥವು. ದಾಖಲಾಗುವ ದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಡಬ್ಬಿ ತರುವುದು. ಮಾರನೆಯ ದಿನ ಸೂಜಿ ಬೆನ್ನಿಗಿಳಿದಾಗ, ಮದ್ದು ಹಾಕುವ ಮೊದಲು ತಾನಾಗಿ ಸುರಿಯುವ ನೀರಿನ ಕೆಲವು ಹನಿಗಳನ್ನು ಅರಿವಳಿಕೆ ವೈದ್ಯರು ಒಂದು ಸಣ್ಣ ಕೊಳವೆಗೆ ಹಿಡಿದು ಕೊಡುವರು. ಮೆದುಳನ್ನು ಸುತ್ತಿ ಬೆನ್ನುಹುರಿಗೆ ಇಳಿಯುವ ನೀರು ಅದು. ಅದರಲ್ಲಿ ಪ್ರತಿಕಾಯ ಎಷ್ಟು, ಡಬ್ಬಿಯಲ್ಲಿ ಸೂಕ್ಷ್ಮಜೀವಿಗಳು ಯಾವುವು, ಎರಡಕ್ಕೂ ಸಂಬಂಧ ಉಂಟೇ ಎಂದು ನೋಡುವುದು. ಒಬ್ಬ ಮನುಷ್ಯನಿಂದ ಆ ಹನಿಗಳು ಒಂದೇ ಸಲ. ಅಧ್ಯಯನಕ್ಕೋಸ್ಕರ ಯಾರ ಬೆನ್ನಿಗೂ ಎರಡನೆಯ ಸೂಜಿ ಹಾಕುವಂತಿಲ್ಲ. ನಮಗೆ ಸಿಕ್ಕಿದ ಅನುಮತಿ ಆರು ವಾರದ್ದು.

ನಾನು ರಿಜಿಸ್ಟರಿಗೆ ಕೆಂಪು ಗೆರೆ ಎಳೆದು ಎಂಟು ಕಾಲಂ ಮಾಡಿದೆ. ಡಬ್ಬಿ ತುಂಬಿದ ಹೊತ್ತು, ನಾನು ಪಡೆದ ಹೊತ್ತು, ಐಸ್ ಬದಲಿಸಿದ ಹೊತ್ತು, ಫ್ರೀಜರಿನ ಹೊತ್ತು. ತಪ್ಪಾದರೆ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಕೆಳಗಿನ ಅಕ್ಷರ ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ನರ್ಸಿಂಗ್ ಶಾಲೆಯಲ್ಲಿ ಕಲಿತದ್ದು. ನಾನು ಕಲಿಸಿದವರಿಗೂ ಇದನ್ನೇ ಕಲಿಸಿದ್ದೆ.

ಒಂದು ತೊಂದರೆ ನಾಚಿಕೆ. ಮಟ್ಟುವಿನಲ್ಲಿ ಗುಳ್ಳಬದನೆ ಬೆಳೆಯುವ ಒಬ್ಬರು, "ಎರಡು ಕೆಜಿ ಗುಳ್ಳ ಬೇಕಾದ್ರೆ ಈಗಲೇ ಕಿತ್ತು ಕೊಡ್ತೇನೆ ಸಿಸ್ಟರ್, ಇದೊಂದು ಮಾತ್ರ ಕೇಳ್ಬೇಡಿ," ಎಂದು ಗದ್ದೆಯ ಕಡೆಗೆ ನಡೆದೇಬಿಟ್ಟರು. ನಾನು ಜಗಲಿಯಲ್ಲಿ ಕೂತೆ. ಇಪ್ಪತ್ತು ನಿಮಿಷದ ಮೇಲೆ ಅವರೇ ಬಂದು ಡಬ್ಬಿ ತೆಗೆದುಕೊಂಡು ಹೋದರು. ಉಚ್ಚಿಲದಲ್ಲಿ ಮೀನು ಮಾರುವ ಹೆಂಗಸಿಗೆ ನಾಚಿಕೆ ಇರಲಿಲ್ಲ. ನನ್ನ ಥರ್ಮಾಕೋಲ್ ಪೆಟ್ಟಿಗೆ ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಎಂತದು ಸಿಸ್ಟರೇ, ನಾನು ಬಂಗುಡೆ ಇಡುವ ಬಾಕ್ಸಿನ ಹಾಗೇ ಉಂಟಲ್ವಾ! ಐಸ್ ಬೇರೆ ಹಾಕಿದ್ದೀರಿ."

"ಮುಚ್ಚಳ ಗಟ್ಟಿ ಹಾಕಿ ಕೊಡಿ, ಸಾಕು."

"ಕೆಜಿಗೆ ಎಷ್ಟು ಕೊಡ್ತಾರೆ ಮಣಿಪಾಲದಲ್ಲಿ?"

ಇನ್ನೊಂದು ತೊಂದರೆ, ಅದಕ್ಕಿಂತ ಮೊದಲೇ ಎದುರಾದದ್ದು, ಅಮಾವಾಸ್ಯೆ. ಕೆಲಸ ಶುರುವಾದಾಗ, ನಮ್ಮಲ್ಲಿ ಹೊಸದಕ್ಕೆ ಕೈ ಹಾಕದ ಆಟಿ ತಿಂಗಳು, ಎಂದರೆ ಆಷಾಢ, ಹತ್ತಿರವಿತ್ತು. ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರು ಕೊಟ್ಟ ದಿನಕ್ಕೆ ಬಂದು ಮಲಗುತ್ತಿದ್ದರು. ಊರಿನವರು ಒಬ್ಬರೂ ಒಪ್ಪಲಿಲ್ಲ. "ಅಮಾವಾಸ್ಯೆ ಒಂದು ಕಳೆಯಲಿ ಸಿಸ್ಟರ್." ಕಾಪುವಿನಲ್ಲಿ ಇದೇ ಮಾತು, ಕಾರ್ಕಳದಲ್ಲಿ ಇದೇ ಮಾತು. ನಾಲ್ಕು ವಾರ ರಿಜಿಸ್ಟರಿನಲ್ಲಿ ಊರಿನವರದ್ದು ಒಂದು ಸಾಲೂ ಇಲ್ಲ. ವೈದ್ಯೆ ದಿನಾ ಸಂಜೆ ರಿಜಿಸ್ಟರ್ ನೋಡಿ ಮುಚ್ಚುತ್ತಿದ್ದರು. ಅಮಾವಾಸ್ಯೆ ಕಳೆದ ಮೇಲೆ ಎಲ್ಲರೂ ಒಟ್ಟಿಗೆ ಬಂದರು. ಕೊನೆಯ ಎರಡು ವಾರ ನಾನು ಕೂತದ್ದೇ ಇಲ್ಲ. ಬೆಳಿಗ್ಗೆ ಮಟ್ಟು, ಅಲ್ಲಿಂದ ಕಾಪು, ಹಿಂದೆ ಬಂದು ಕಾರ್ಕಳ. ಒಂದು ಡಬ್ಬಿಯೂ ಮೂರು ಗಂಟೆ ಮೀರಲಿಲ್ಲ. ಡಬ್ಬಿ, ಬೆನ್ನಿನ ನೀರು ಎರಡೂ ಸೇರಿದ ಜೋಡಿ ಬೇಕಾದಷ್ಟು ಸಿಕ್ಕಿತು. "ನೀವಿಲ್ಲದಿದ್ದರೆ ಆಗ್ತಿರಲಿಲ್ಲ," ಎಂದರು ವೈದ್ಯೆ. ನನಗೂ ಹಾಗೇ ಅನ್ನಿಸಿತ್ತು.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಮ್ಮಲ್ಲಿ ಪಾಲೆ ಮರದ ಕೆತ್ತೆಯ, ಎಂದರೆ ತೊಗಟೆಯ, ಕಷಾಯ ಕುಡಿಯುತ್ತೇವೆ. ಸೂರ್ಯ ಮೂಡುವ ಮೊದಲು ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕತ್ತಿ ತಾಗಿಸಬಾರದು. ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಹಾಕಿ, ಬರಿ ಹೊಟ್ಟೆಗೆ ಕುಡಿಯುವುದು. ಕಹಿ ಎಂದರೆ ಕಿವಿಯವರೆಗೆ ಕಹಿ. ಆಮೇಲೆ ತಂಪಿಗೆ ಮೆಂತೆ ಗಂಜಿ. ಎಲ್ಲ ಮನೆಗಳಲ್ಲೂ ಇದು ಉಂಟು. ಆ ದಿನ ಕಾಪುವಿನ ನನ್ನ ಮನೆಯಲ್ಲಿ ನಾನೂ ಐದೂ ಇಪ್ಪತ್ತಕ್ಕೆ ಅರ್ಧ ಲೋಟ ಕುಡಿದು, ಗಂಜಿ ಉಂಡು, ಏಳಕ್ಕೆ ಪೆಟ್ಟಿಗೆಗೆ ಐಸ್ ತುಂಬಿಸಿದ್ದೆ.

ಡಬ್ಬಿಯ ಜೊತೆ ಒಂದು ಫಾರಂ ತುಂಬಿಸಬೇಕಿತ್ತು. ಏಳನೆಯ ಪ್ರಶ್ನೆ: ಕಳೆದ ಮೂರು ತಿಂಗಳಲ್ಲಿ ಯಾವುದಾದರೂ ಮದ್ದು ತೆಗೆದುಕೊಂಡಿದ್ದೀರಾ, ಇಂಗ್ಲಿಷ್, ಆಯುರ್ವೇದ, ನಾಟಿ, ಯಾವುದೇ ಇರಲಿ? ಕರುಳಿನ ಸೂಕ್ಷ್ಮಜೀವಿಗಳು ಮದ್ದಿನಿಂದ ಏರುಪೇರಾಗುತ್ತವೆ, ಆದ್ದರಿಂದ ಇದು ಮುಖ್ಯ ಎಂದು ವೈದ್ಯೆ ಎರಡೆರಡು ಸಲ ಹೇಳಿದ್ದರು. ಪ್ರತಿ ಮನೆಯಲ್ಲೂ ಅಕ್ಷರ ಬಿಡದೆ ಓದಿ ಕೇಳಿದೆ. ಪ್ರತಿ ಮನೆಯಲ್ಲೂ "ಇಲ್ಲ" ಎಂದರು. ಇಲ್ಲ ಎಂದು ಬರೆದೆ.

ಹೌದು ಎಂದವನು ಒಬ್ಬನೇ. ಉಡುಪಿಯಿಂದ ಮಣಿಪಾಲಕ್ಕೆ ಏರುವಲ್ಲಿ ಕಟ್ಟುತ್ತಿದ್ದ ಒಂದು ವಸತಿ ಕಟ್ಟಡದ ಪಕ್ಕ, ತಗಡಿನ ಶೆಡ್ಡಿನಲ್ಲಿದ್ದ ಗದಗ ಕಡೆಯ ಗೌಂಡಿ. ಹರ್ನಿಯಾಕ್ಕೆ ಹೆಸರು ಬರೆಸಿದ್ದ.

"ಹೂಂ ರೀ ಅಮ್ಮಾರ, ತಗೊಂಡೀನ್ರಿ."

ನಾನು "ಹೌದು" ಎಂದು ಬರೆದು, "ಎಂತ ಮದ್ದು?" ಎಂದೆ.

"ಕಲ್ಯಾಣಪುರದಾಗ ಒಬ್ಬರ ಮನಿ ಕಂಪೌಂಡ್ ಗ್ವಾಡಿ ಕಟ್ಟಾಕ ಹತ್ತಿದ್ದೆ. ಅಮಾಸಿ ದಿನ ಮುಂಜಾನೆ ಆ ಮನಿಯವರು ಕರದು ಒಂದ್ ಲೋಟ ಕೊಟ್ರು, ಯಾವದೋ ಗಿಡದ ತೊಗಟಿದು. ಏನ್ ಕಹಿ ಅಂತೀರಿ! ನಾಲಿಗಿ ಸತ್ತ ಹೋತು. ಎರಡ ದಿನ ಹೊಟ್ಟಿ ತೊಳದಂಗಾತು."

ನನಗೆ ನಗು ತಡೆಯಲಾಗಲಿಲ್ಲ. "ಅದು ಮದ್ದಲ್ಲ ಮಾರಾಯ, ಆಟಿ ಅಮಾವಾಸ್ಯೆಯ ಕಷಾಯ. ನಾವೆಲ್ಲ ಕುಡಿಯುತ್ತೇವೆ. ನಾನೂ ಕುಡಿದಿದ್ದೇನೆ, ನೋಡು, ನನಗೆಂತ ಆಗಿದೆ?"

"ಹಂಗಾರ ಇಲ್ಲ ಅಂತ ಬರಕೋರಿ," ಎಂದು ಅವನೂ ನಕ್ಕ.

ಹೌದು ಎಂಬುದಕ್ಕೆ ಒಂದೇ ಗೆರೆ ಹೊಡೆದು, ಇಲ್ಲ ಎಂದು ಬರೆದು, ಸಹಿ ಮತ್ತು ತಾರೀಕು ಹಾಕಿದೆ.

ಪ್ರಯೋಗಾಲಯದ ಕೆಲಸ ಮುಗಿಯುವಾಗ ಜನವರಿ. ವೈದ್ಯೆ ನನ್ನನ್ನು ಕರೆಸಿ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಉತ್ತರ ಕರ್ನಾಟಕದವರ ಚುಕ್ಕಿಗಳು ಓರೆ ಗೆರೆಯಲ್ಲಿ ಕೂತಿದ್ದವು. ಕರುಳಿನಲ್ಲಿ ಸೂಕ್ಷ್ಮಜೀವಿಗಳ ಬಗೆ ಹೆಚ್ಚಿದ್ದವರ ನೀರಿನಲ್ಲಿ ಪ್ರತಿಕಾಯವೂ ಹೆಚ್ಚು. ಊರಿನವರ ಚುಕ್ಕಿಗಳು ಬೇರೆಯೇ ಮೂಲೆಯಲ್ಲಿ ಗುಂಪಾಗಿದ್ದವು. ಕರುಳಿನಲ್ಲಿ ಬಗೆಗಳು ಕಡಿಮೆ, ನೀರಿನಲ್ಲಿ ಪ್ರತಿಕಾಯ ಮಾತ್ರ ತುಂಬಿದೆ.

"ನೋಡಿ ಸಿಸ್ಟರ್, ಕರಾವಳಿಯವರಲ್ಲಿ ಮೆದುಳಿನ ಕಾವಲು ಬೇರೆ ಏನನ್ನೋ ನಂಬಿಕೊಂಡಿದೆ. ಇದು ನಿಂತರೆ ಮುಂದಿನ ಮೂರು ವರ್ಷಕ್ಕೆ ಅನುದಾನ ಸಿಗುತ್ತೆ." ಆಕೆಯ ಹುದ್ದೆ ಮಾರ್ಚಿಗೆ ಮುಗಿಯುವುದಿತ್ತು. ಅನುದಾನ ಸಿಕ್ಕರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ನಾಲ್ಕು ವರ್ಷದ ಓಡಾಟ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಆಕೆ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

"ಇದೊಂದು ಮಾತ್ರ ಅರ್ಥ ಆಗ್ತಿಲ್ಲ," ಎಂದು ಊರಿನವರ ಗುಂಪಿನಲ್ಲಿದ್ದ ಒಂದು ಚುಕ್ಕಿ ತೋರಿಸಿದರು. "ಇವರು ಉತ್ತರ ಕರ್ನಾಟಕದವರು, ಗೌಂಡಿ. ಬೇಜಾರು ಮಾಡ್ಕೋಬೇಡಿ, ಡಬ್ಬಿ ಅದಲುಬದಲು ಆಗಿರಬಹುದಾ?"

ಬೇಜಾರಾಯಿತು. "ನನ್ನ ಕೈಯಲ್ಲಿ ಡಬ್ಬಿ ಬದಲಾಗುವುದಿಲ್ಲ ಡಾಕ್ಟರ್," ಎಂದೆ. ಆ ಸಂಜೆಯೇ ಅದನ್ನು ಖಚಿತ ಮಾಡಲು ಗೌಂಡಿಯ ಶೆಡ್ಡಿಗೆ ಹೋದೆ. ನಾನು ಹೋದದ್ದು ಸಿಟ್ಟಿನಲ್ಲಿ, ರಿಜಿಸ್ಟರನ್ನೂ ಅವನ ಫಾರಂ ಅನ್ನೂ ಕಂಕುಳಲ್ಲಿ ಹಿಡಿದು.

ಅವನು ಸಿಮೆಂಟಿನ ಕೈ ತೊಳೆದು ಬಂದು ಮೆಟ್ಟಿಲಲ್ಲಿ ಕೂತ. ಡಬ್ಬಿ ಕೊಟ್ಟ ದಿನ, ಹೊತ್ತು, ಯಾವುದನ್ನು ಕೇಳಿದರೂ ನನ್ನ ಪುಸ್ತಕದಲ್ಲಿದ್ದ ಹಾಗೇ ಹೇಳಿದ. ಏಳನೆಯ ಪ್ರಶ್ನೆ ಮತ್ತೆ ಕೇಳಿದೆ.

"ಆ ಕಹಿ ಒಂದ ಬಿಟ್ರ ಏನೂ ಇಲ್ರಿ. ನಾ ಅವತ್ತ ಹೇಳಿದ್ನಲ್ರಿ ಅಮ್ಮಾರ. ನೀವ ನಕ್ಕು ಹೊಡದ ಹಾಕಿದ್ರಿ."

ಫಾರಂ ತೆಗೆದು ನೋಡಿದೆ. ಗೆರೆಯ ಕೆಳಗೆ ನನ್ನದೇ ಅಕ್ಷರದಲ್ಲಿ "ಹೌದು" ಸ್ಪಷ್ಟವಾಗಿ ಓದಲು ಬರುತ್ತಿತ್ತು. ಮೆಟ್ಟಿಲ ಮೇಲೆ ಅವನ ಪಕ್ಕ ನಾನೂ ಕೂತೆ.

"ಯಾಕ್ರಿ, ಏನಾತು? ನೀರ ಕೊಡ್ಲೇನು?"

"ಬೇಡ," ಎಂದೆ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಕೂತು ಅಮಾವಾಸ್ಯೆಯ ನಂತರದ ಊರಿನವರೆಲ್ಲರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮಟ್ಟುವಿನವರು, "ಕುಡಿಯದೆ ಬಿಡುದುಂಟಾ ಸಿಸ್ಟರ್? ಕುಡಿಯದಿದ್ರೆ ನಮ್ಮಲ್ಲಿ ಗಂಜಿ ಬಡಿಸುದೇ ಇಲ್ಲ," ಎಂದರು. ಉಚ್ಚಿಲದವಳು ಕೂಗಿದಳು: "ನೀವೆಂತ ಫಾರಿನ್ನಿಂದ ಬಂದವರಾ? ನಿಮ್ಮ ಬಾಯಲ್ಲಿ ಕೇಳುವ ಪ್ರಶ್ನೆಯಾ ಇದು?" ಕಾರ್ಕಳದ ಒಬ್ಬರು ಎರಡು ಲೋಟ ಕುಡಿದಿದ್ದರು, ಆಪರೇಷನ್ನಿಗೆ ಒಳ್ಳೆಯದೆಂದು. ಹಾಗಾದರೆ ಅವತ್ತು ಯಾಕೆ ಇಲ್ಲ ಎಂದಿರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. "ನೀವು ಮದ್ದು ಕೇಳಿದ್ದಲ್ವಾ?"

ಕುಡಿಯದವರು ಒಬ್ಬರೂ ಇರಲಿಲ್ಲ.

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಇದನ್ನು ಬರೆಯಲೇಬೇಕು. ಕಷಾಯ ಏನೂ ಮಾಡಿರಲಿಕ್ಕಿಲ್ಲ ಎಂದು ಒಮ್ಮೆ ಅನ್ನಿಸುತ್ತಿತ್ತು. ವೈದ್ಯೆ ತುಮಕೂರಿನವರು, ಅವರಿಗೆ ಪಾಲೆ ಮರವೇ ಗೊತ್ತಿಲ್ಲ. ಗೊತ್ತಿರುವವಳು ನಾನೊಬ್ಬಳು. ಆಗ ನೆನಪಾದದ್ದು, ನಾನು ವಾರ್ಡ್ ಸಿಸ್ಟರ್ ಆಗಿದ್ದಾಗ ಒಬ್ಬ ತರಬೇತಿ ಹುಡುಗಿ ಜ್ವರ ನೋಡದೆಯೇ ಚಾರ್ಟಿನಲ್ಲಿ ಅಂದಾಜಿಗೆ ಜ್ವರ ಬರೆದದ್ದು. ರೋಗಿಗೆ ಏನೂ ಆಗಿರಲಿಲ್ಲ. ಆದರೂ ನಾನು ದೂರು ಬರೆದೆ. ಅವಳಿಗೆ ತರಬೇತಿಯ ಒಂದು ವರ್ಷ ಹೋಯಿತು. ಬಾಗಿಲಲ್ಲಿ ನಿಂತು ಅತ್ತಿದ್ದಳು. ನಾನು ಗಡಿಯಾರ ನೋಡಿ ರೌಂಡಿಗೆ ಹೋಗಿದ್ದೆ. ಅವಳು ಬರೆದದ್ದು ನೋಡದ ಜ್ವರ. ನಾನು, ಒಬ್ಬ ಮನುಷ್ಯ ಎದುರು ನಿಂತು ಹೇಳಿದ್ದನ್ನೇ ಹೊಡೆದು ಹಾಕಿದವಳು.

ಮೂರನೆಯ ದಿನ ಎಲ್ಲವನ್ನೂ ಒಂದೂವರೆ ಪುಟದಲ್ಲಿ ಬರೆದು ಕೊಂಡುಹೋಗಿ ವೈದ್ಯೆಯ ಮೇಜಿನ ಮೇಲಿಟ್ಟೆ. ಓದಿದರು. ಮತ್ತೊಮ್ಮೆ ಮೊದಲಿನಿಂದ ಓದಿದರು.

"ನೀವೂ ಕುಡಿದಿದ್ರಾ ಸಿಸ್ಟರ್?"

"ಕುಡಿದಿದ್ದೆ. ಐದೂ ಇಪ್ಪತ್ತಕ್ಕೆ."

"ಏಳಕ್ಕೆ ಡಬ್ಬಿ ತರೋಕೆ ಹೊರಟ್ರಿ."

"ಹೌದು."

"ನನಗೆ ಒಂದು ಮಾತು ಹೇಳಬೇಕು ಅಂತ ಅನ್ನಿಸಲೇ ಇಲ್ವಾ?"

"ಹೇಳುವಂಥ ವಿಷಯ ಅಂತಲೇ ಹೊಳೆಯಲಿಲ್ಲ ಡಾಕ್ಟರ್. ಹಲ್ಲು ಉಜ್ಜಿದ್ದನ್ನು ಯಾರಾದರೂ ಹೇಳುತ್ತಾರಾ?"

ಆಕೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಹಾಳೆ ತೆಗೆದುಕೊಂಡು, ಮೊದಲ ದಿನದ ಹಾಗೇ, ನಿಧಾನವಾಗಿ ವಿವರಿಸಿದರು. ಬೆನ್ನಿನ ನೀರಿನ ಪ್ರತಿಕಾಯ ವರ್ಷಗಟ್ಟಲೆ ಕಟ್ಟಿಕೊಂಡದ್ದು, ಒಂದೆರಡು ವಾರದಲ್ಲಿ ಬದಲಾಗುವುದಿಲ್ಲ. ಡಬ್ಬಿಯಲ್ಲಿದ್ದದ್ದು ಮಾತ್ರ ಕಷಾಯ ಕುಡಿದ ಮೇಲಿನ ಆ ಒಂದೆರಡು ವಾರದ ಕರುಳು. ಒಬ್ಬನೇ ಮನುಷ್ಯನ ಎರಡು ಕಾಲದ ಚಿತ್ರಗಳನ್ನು ಒಟ್ಟಿಗಿಟ್ಟ ಹಾಗಾಗಿದೆ. ಕರಾವಳಿಯವರ ಕಾವಲು ಬೇರೆ ರೀತಿ ಇರಬಹುದು, ಇಲ್ಲದಿರಬಹುದು. ಕೆತ್ತೆ ಸೂಕ್ಷ್ಮಜೀವಿಗಳನ್ನು ತೊಳೆದಿರಬಹುದು, ತೊಳೆಯದೇ ಇರಬಹುದು. "ಯಾವುದೂ ಹೇಳೋಕೆ ಆಗಲ್ಲ. ಅವರನ್ನ ಮತ್ತೆ ಕರೆದು ಬೆನ್ನಿಗೆ ಸೂಜಿ ಹಾಕೋಕೂ ಆಗಲ್ಲ." ಪೆನ್ನಿನ ಮುಚ್ಚಳ ಹಾಕಿದರು.

ವಿಭಾಗದ ಹಿರಿಯ ಪ್ರಾಧ್ಯಾಪಕರು ನನ್ನ ಒಂದೂವರೆ ಪುಟವನ್ನು ಫೈಲಿಗೆ ಸೇರಿಸಿದರು. ಉತ್ತರ ಕರ್ನಾಟಕದವರ ಜೋಡಿಗಳು ಮಾತ್ರ ಉಳಿದವು, ಅವು ಏನನ್ನೂ ಸಾಧಿಸಲು ಸಾಲವು ಎಂದರು. ಅನುದಾನದ ಅರ್ಜಿ ಹೋಗಲಿಲ್ಲ. ಮಾರ್ಚ್ ಕೊನೆಗೆ ವೈದ್ಯೆಯ ಹುದ್ದೆ ಮುಗಿಯಿತು.

ಒಪ್ಪಿಗೆ ಪತ್ರದಲ್ಲಿ ಮಾತು ಕೊಟ್ಟಿದ್ದೆವು, ಈ ಅಧ್ಯಯನಕ್ಕಲ್ಲದೆ ಬೇರೆ ಯಾವುದಕ್ಕೂ ಮಾದರಿಗಳನ್ನು ಬಳಸುವುದಿಲ್ಲ ಎಂದು. ಆದ್ದರಿಂದ ನಾಶ ಮಾಡಬೇಕು. ಆಕೆಯ ಕೊನೆಯ ವಾರ ಇಬ್ಬರೂ ಸೇರಿ ಅದನ್ನು ಮಾಡಿದೆವು. ದಪ್ಪ ಕೈಗವಸು ಹಾಕಿಕೊಂಡು ಆಕೆ ಫ್ರೀಜರಿನಿಂದ ತೆಗೆದು ಸಂಖ್ಯೆ ಓದುವುದು, ನಾನು ರಿಜಿಸ್ಟರಿನಲ್ಲಿ ಗುರುತು ಹಾಕುವುದು, ಹಳದಿ ಚೀಲಕ್ಕೆ ಬಿಡುವುದು. ಮೊದಲು ಡಬ್ಬಿಗಳು, ಆಮೇಲೆ ನೀರಿನ ಕೊಳವೆಗಳು. ಕೊಳವೆಯ ತಳದಲ್ಲಿ ಹನಿಗಳು ಬಿಳಿಯಾಗಿ ಹೆಪ್ಪುಗಟ್ಟಿದ್ದವು. ಎಲ್ಲ ಸೇರಿದರೆ ಒಂದು ಔನ್ಸ್ ಗ್ಲಾಸಿನಷ್ಟೂ ಇಲ್ಲ. ಗೌಂಡಿಯ ಸಂಖ್ಯೆ ಬಂದಾಗ ಮಾತ್ರ ಆಕೆ ಕೊಳವೆಯನ್ನು ಸ್ವಲ್ಪ ಹೊತ್ತು ಬೆಳಕಿಗೆ ಹಿಡಿದು ನಿಂತರು. ನಾನು ಪೆನ್ನು ಎತ್ತಿ ಕಾದೆ. ಬಿಟ್ಟರು. ಗುರುತು ಹಾಕಿದೆ.

ಆಕೆ ಊರಿಗೆ ಹೊರಟ ದಿನ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಆಕೆಯ ಬಳಿ ಎರಡು ಪೆಟ್ಟಿಗೆ. ಬಸ್ಸು ಹತ್ತುವ ಮೊದಲು, "ಬರೆದು ಕೊಟ್ಟಿದ್ದು ಒಳ್ಳೇದೇ ಆಯ್ತು ಸಿಸ್ಟರ್," ಎಂದರು. ನನ್ನ ಮುಖ ನೋಡಿ ಹೇಳಲಿಲ್ಲ.

ಆ ಅಕ್ಕತಂಗಿಯರ ಪ್ರಶ್ನೆ ಇದ್ದಲ್ಲೇ ಇದೆ. ಉತ್ತರ ಎಲ್ಲಾದರೂ ಬೇರೆಯವರು ಕಂಡುಕೊಳ್ಳಬಹುದು. ನನ್ನ ಕಾಲದಲ್ಲಿ, ನನ್ನ ಕೈ ತಾಗಿದ ಕೆಲಸದಿಂದ ಅದು ಬರುವುದಿಲ್ಲ.

ಈ ವರ್ಷವೂ ಆಟಿ ಅಮಾವಾಸ್ಯೆ ಬಂತು. ಪಕ್ಕದ ಮನೆಯವರು ಬೆಳಿಗ್ಗೆ ಸ್ಟೀಲ್ ಲೋಟದಲ್ಲಿ ಕಷಾಯ ಕಳುಹಿಸಿದರು. ಕಲ್ಲು ಹಾಕಿದ ಬಿಸಿ ಇನ್ನೂ ಇತ್ತು. ಕುಡಿಯಲು ಎತ್ತಿದವಳು ಕೆಳಗಿಟ್ಟು, ಕಪಾಟಿನಿಂದ ಉಳಿದಿದ್ದ ಒಂದು ಖಾಲಿ ಫಾರಂ ತೆಗೆದೆ. ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದೆ. ಏಳನೆಯ ಪ್ರಶ್ನೆಗೆ: ಹೌದು. ಪಾಲೆ ಕೆತ್ತೆ, ಅರ್ಧ ಲೋಟ, ಬರಿ ಹೊಟ್ಟೆಗೆ, ಐದೂ ಮೂವತ್ತೈದು. ಸಹಿ, ತಾರೀಕು. ಆಮೇಲೆ ಕುಡಿದೆ.

ಫಾರಂ ಮೇಜಿನ ಮೇಲೆಯೇ ಇದೆ. ತೆಗೆದುಕೊಳ್ಳುವವರು ಯಾರೂ ಇಲ್ಲ.